ಕೀಲುವಾತಕ್ಕೆ ವಿಜಯಾ ಎಣ್ಣೆ: ಯಾರಾದ್ರೂ ತಗೊಂಡಿದ್ದೀರಾ?

ವಿದ್ಯಾನಗರದ ಮಗಳು: ದಾವಣಗೆರೆಯಿಂದ ಬರೀತಿದ್ದೀನಿ. ಅಮ್ಮನಿಗೆ 58 ವರ್ಷ, ಆರ್‌ಎ (ರುಮಟಾಯ್ಡ್ ಕೀಲುವಾತ) ಇದೆ. ವಾರಕ್ಕೆ 15 ಮಿಗ್ರಾಂ ಮೆಥೊಟ್ರೆಕ್ಸೇಟ್, ಜೊತೆಗೆ ಎಚ್‌ಸಿಕ್ಯೂ, ಎರಡೂ ಆರ್‌ಎ ಔಷಧಿ. ರಕ್ತದಲ್ಲಿ ಉರಿಯೂತ ತೋರಿಸೋ ಸಿಆರ್‌ಪಿ ಇಳಿದಿದೆ, ರಾತ್ರಿ ನೋವು ಮಾತ್ರ ಇಳಿದಿಲ್ಲ. ಟೊರಾಂಟೊದಲ್ಲಿರೋ ತಮ್ಮ, "ಇಲ್ಲಿ ವಯಸ್ಸಾದವರೆಲ್ಲ ಗಾಂಜಾ ಎಣ್ಣೆ ತಗೊಳ್ತಾರೆ, ಬರುವಾಗ ತರ್ತೀನಿ" ಅಂತಾನೆ. ಇಲ್ಲೂ ಆಯುರ್ವೇದದಲ್ಲಿ ಗಾಂಜಾ ಗಿಡದ ಎಲೆಯಿಂದ ಮಾಡಿದ ವಿಜಯಾ ಎಣ್ಣೆ ಇದೆಯಂತೆ. ಮೆಥೊಟ್ರೆಕ್ಸೇಟ್ ಜೊತೆ ಕೊಡಬಹುದಾ? ಅನುಭವ ಇದ್ದವರು ಹೇಳಿ.

ದುರ್ಗದ ಬೆನ್ನು: ನನ್ನದು ಎಎಸ್, ಅಂದ್ರೆ ಬೆನ್ನುಮೂಳೆಯ ಕೀಲುವಾತ; ಅದರ ಬಿ27 ಜೀನ್ ಟೆಸ್ಟ್ ಪಾಸಿಟಿವ್. ಇಂಡೊಮೆಥಾಸಿನ್ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು. ಆಮೇಲೆ ಸಲ್ಫಾಸಲಜೀನ್ ಕೊಟ್ಟರು, ಬೆನ್ನಿಗೆ ಅದು ಏನೂ ಮಾಡಲಿಲ್ಲ. ಕೊನೆಗೆ ಅಡಲಿಮುಮ್ಯಾಬ್. ಕಂಪನಿ ಆಫರ್ ಕಳೆದು ಒಂದು ಇಂಜೆಕ್ಷನ್ 9,500, ಹದಿನೈದು ದಿನಕ್ಕೊಂದು. ಅದಕ್ಕೂ ಮುಂಚೆ ಟಿಬಿ ಟೆಸ್ಟಿಗೆ 2,400. "ಅಡ್ಮಿಟ್ ಆಗಿಲ್ಲ" ಅಂತ ಇನ್ಶೂರೆನ್ಸಿನವರು ಒಂದು ರೂಪಾಯಿ ಕೊಡಲಿಲ್ಲ. ಬೋರ್ ಬತ್ತಿ ಅಡಿಕೆ ಒಣಗಿದ ವರ್ಷ ಇಂಜೆಕ್ಷನ್ ನಿಲ್ಲಿಸಿದೆ. ವಿಜಯಾ ಎಣ್ಣೆ 30 ಮಿಲಿ ಬಾಟಲಿಗೆ 3,600, ಕೊರಿಯರ್ 120, ವೈದ್ಯರ ವಿಡಿಯೋ ಫೀಸು 500. ರಾತ್ರಿ ಊಟ ಆದಮೇಲೆ ನಾಲಿಗೆ ಕೆಳಗೆ ಬಿಟ್ಕೊಂಡು ಸುಮ್ನೆ ಕೂತಿರಬೇಕು. ಹಸಿ ಹುಲ್ಲು ಅರೆದು ಬಾಯಿಗೆ ಹಾಕಿದ ಹಾಗೆ ಕಹಿ. ಆದರೆ ನಿದ್ದೆ ಬಂತು. ಯಾರು ಏನೇ ಅನ್ನಲಿ, ನಾನು ಬಿಡಲ್ಲ.

ಹರಿಹರದ ಟೀಚರ್: ನಿದ್ದೆ ಬಂದರೆ ರೋಗ ಹೋಯ್ತಾ ಸರ್? ನಾನೂ ಆರ್‌ಎ ಪೇಷೆಂಟ್. ಚಾಕ್‌ಪೀಸ್ ಹಿಡಿಯೋಕೆ ಆಗದೆ ಮಕ್ಕಳ ಕೈಲಿ ಬೋರ್ಡ್ ಬರೆಸಿದವಳು. ಮೆಥೊಟ್ರೆಕ್ಸೇಟ್ ಜೊತೆ ಇದೇ ಎಣ್ಣೆ ತಗೊಂಡೆ. ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ 38 ಇದ್ದದ್ದು 164 ಆಯ್ತು. ಡಾಕ್ಟರು ಎರಡೂ ನಿಲ್ಲಿಸಿದರು. ತಗೋ, ಮಂಡಿ ಊದಿತು. ನೀರು ತೆಗೆಸೋಕೆ 1,800, ಅಲ್ಟ್ರಾಸೌಂಡ್ 1,100, ಲಿವರ್ ಟೆಸ್ಟ್ ಪ್ರತಿ ಸಲ 650. ವೈಸೊಲೋನ್ ಸ್ಟಿರಾಯ್ಡ್ ಶುರುವಾದ ಮೇಲೆ ಶುಗರ್ ಏರಿತು, ಅದಕ್ಕೆ ಬೇರೆ ಮಾತ್ರೆ, ಬೇರೆ ಡಾಕ್ಟರು. ಎಣ್ಣೆ ಕೊಟ್ಟವರು ಫೋನೇ ಎತ್ತಲಿಲ್ಲ. ಬಾಟಲಿ ಮೇಲೆ ಗಾಂಜಾದಲ್ಲಿರೋ ಮತ್ತೇರಿಸೋ ಟಿಎಚ್‌ಸಿ ಎಷ್ಟು, ಮತ್ತೇರಿಸದ ಸಿಬಿಡಿ ಎಷ್ಟು ಅಂತ ಬರೆದೂ ಇರಲಿಲ್ಲ.

ದುರ್ಗದ ಬೆನ್ನು: ಮೇಡಂ, ಮೆಥೊಟ್ರೆಕ್ಸೇಟ್ ಒಂದೇ ಸಾಕು ಲಿವರ್ ಏರಿಸೋಕೆ. ಎಣ್ಣೆ ಮೇಲೆ ಯಾಕೆ ಹಾಕ್ತೀರಿ?

ಹರಿಹರದ ಟೀಚರ್: ಅದನ್ನ ವರ್ಷಗಟ್ಟಲೆ ತಗೊಂಡಾಗ ಏರದೇ ಇದ್ದದ್ದು ಎಣ್ಣೆ ಬಂದ ಮೇಲೇ ಯಾಕೆ ಏರಿತು? ನೀವು ಒಂದು ಸಲವಾದ್ರೂ ಎಸ್‌ಜಿಪಿಟಿ ಮಾಡಿಸಿದ್ದೀರಾ?

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ: ಇಬ್ಬರೂ ಸ್ವಲ್ಪ ತಡೀರಿ. ಸಿಬಿಡಿ ಲಿವರ್ ಎನ್‌ಜೈಮ್ ಏರಿಸಬಲ್ಲದು, ಅದು ಗೊತ್ತಿರೋ ವಿಷಯ. ಮೆಥೊಟ್ರೆಕ್ಸೇಟ್ ಜೊತೆ ಅಂದರೆ ರಕ್ತ ಪರೀಕ್ಷೆ ತಪ್ಪಿಸೋ ಹಾಗಿಲ್ಲ. ಟೊಫಾಸಿಟಿನಿಬ್ ಅನ್ನೋ ಆರ್‌ಎ ಮಾತ್ರೆ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಆ ಮಾತ್ರೆ ಕರಗಿಸೋ ಎನ್‌ಜೈಮನ್ನೇ ಸಿಬಿಡಿ ತಡೆಯುತ್ತೆ, ಮೈಯಲ್ಲಿ ಔಷಧಿ ಜಾಸ್ತಿ ಉಳಿಯುತ್ತೆ. ಟಿಎಚ್‌ಸಿ ಇದ್ದರೆ ತಲೆ ತಿರುಗುತ್ತೆ. ಸ್ಟಿರಾಯ್ಡ್ ತಿಂದು ಮೂಳೆ ಸವೆದವರು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಸೊಂಟವೇ ಹೋಯ್ತು.

ಆರ್‌ಎಗೆ 2006ರಲ್ಲಿ ಬ್ರಿಟನ್ನಿನಲ್ಲಿ 58 ಜನರ ಮೇಲೆ ಗಾಂಜಾ ಸ್ಪ್ರೇ ಪರೀಕ್ಷೆ ಮಾಡಿದ್ದರು, ಐದು ವಾರ. ನೋವು, ನಿದ್ದೆ ಸುಧಾರಿಸಿತು. ಬೆಳಗಿನ ಬಿಗಿತ ಹಾಗೇ ಇತ್ತು. ಕೆನಡಾದಲ್ಲಿ ಗಾಂಜಾ 2001ರಿಂದಲೇ ಔಷಧಿಯಾಗಿ ಸಿಗುತ್ತೆ. ಆದರೂ ಅಲ್ಲಿನ ರುಮಟಾಲಜಿ ಸಂಘ 2019ರಲ್ಲಿ ಹೇಳಿದ್ದು, ಮಾಮೂಲಿ ಚಿಕಿತ್ಸೆಗೆ ಇದು ಬದಲಿ ಅಲ್ಲ ಅಂತ. ಇನ್ನು ತಮ್ಮ ಬ್ಯಾಗಲ್ಲಿ ತರೋದು ಬೇಡವೇ ಬೇಡ. ಆ ದೇಶದ ಗಡಿ ದಾಟಿಸೋದೂ ಅಪರಾಧ, ಇಲ್ಲಿ ಇಳಿದರೆ ಎನ್‌ಡಿಪಿಎಸ್, ಅಂದ್ರೆ ಮಾದಕವಸ್ತು ಕಾಯ್ದೆ ಕೇಸು.

ಜಗಳೂರು ಮೆಕ್ಕೆಜೋಳ: ಏನ್ ಎನ್‌ಡಿಪಿಎಸ್ ರೀ? ನಮ್ಮಜ್ಜ ಭಂಗಿ, ಅಂದ್ರೆ ಗಾಂಜಾ ಗಿಡದ ಸೊಪ್ಪು ಬಿಸಿ ಮಾಡಿ ಮಂಡಿಗೆ ಕಟ್ಟಿಕೊಂಡೇ ಬಾಳಿದರು. ಕೊನೆ ತನಕ ಹೊಲಕ್ಕೆ ನಡೆದೇ ಹೋದರು. ಕರ್ನಾಟಕ ಹೈಕೋರ್ಟೇ 2022ರಲ್ಲಿ ಭಂಗಿ ಕೇಸಲ್ಲಿ ಬೇಲ್ ಕೊಟ್ಟಿದೆ.

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ: ಅಣ್ಣಾ, ಅಜ್ಜನಿಗೆ ಇದ್ದದ್ದು ಮಂಡಿ ಸವೆತ ಇರಬಹುದು. ಆರ್‌ಎ ಬೇರೆ. ಮತ್ತೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಇರೋ ತುದಿ. ಅದಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರಲ್ಲ. ಅದಕ್ಕೇ ಎಲೆಯಿಂದ ಮಾಡಿದ ವಿಜಯಾ ಔಷಧಿಗೆ ಆಯುಷ್ ಲೈಸೆನ್ಸ್ ಸಿಗೋದು. ಹಾಗಂತ ಜೋಳದ ಸಾಲಿನ ಮಧ್ಯೆ ಗಿಡ ಹಾಕಿದರೆ ಜೈಲೇ.

ಜಗಳೂರು ಮೆಕ್ಕೆಜೋಳ: ನಾನು ಗಿಡ ಹಾಕ್ತೀನಿ ಅಂದ್ನಾ? ಮಾತ್ರೆ ಮಾರೋರಿಗೆ ಸೊಪ್ಪು ಕಂಡರೆ ಹೊಟ್ಟೆಯುರಿ, ಅಷ್ಟೇ.

ಬೆಣ್ಣೆದೋಸೆ ವಿರೋಧಿ: ಎಲ್ಲಾ ಬಿಡಿ. ಟೊಮ್ಯಾಟೊ, ಬದನೆ, ಮಿರ್ಚಿ ಬಿಟ್ಟೆ, ನನ್ನ ನೋವು ಅರ್ಧ ಕಮ್ಮಿ ಆಯ್ತು. ಖರ್ಚು ಸೊನ್ನೆ.

ಹರಿಹರದ ಟೀಚರ್: ನಿಮಗೆ ಆರ್‌ಎ ಫ್ಯಾಕ್ಟರ್ ಎಷ್ಟು ಬಂದಿತ್ತು? ಆಂಟಿ ಸಿಸಿಪಿ ಮಾಡಿಸಿದ್ರಾ?

ಬೆಣ್ಣೆದೋಸೆ ವಿರೋಧಿ: ಟೆಸ್ಟ್ ಎಲ್ಲಾ ಮಾಡಿಸಿಲ್ಲ. ಯೂರಿಕ್ ಆಸಿಡ್ ಜಾಸ್ತಿ ಅಂದಿದ್ರು.

ಹರಿಹರದ ಟೀಚರ್: ಅದು ಗೌಟ್ (ಯೂರಿಕ್ ಆಸಿಡ್‌ನಿಂದ ಬರೋ ಕೀಲುನೋವು) ಇರಬಹುದು ಸ್ವಾಮಿ! ಮಿರ್ಚಿಗೂ ಅದಕ್ಕೂ ಏನು ಸಂಬಂಧ?

ವಿದ್ಯಾನಗರದ ಮಗಳು: ದಯವಿಟ್ಟು ಜಗಳ ಬೇಡ. ಅಮ್ಮನಿಗೆ ಎಚ್‌ಸಿಕ್ಯೂ ಇದೆ ಅಂದ್ನಲ್ಲ, ಅದರ ಜೊತೆ...

ದುರ್ಗದ ಬೆನ್ನು: ಬೆಂಗಳೂರಲ್ಲಿ ತೋರಿಸಿ ಮೇಡಂ. ನಿಮ್ಮೂರಿಂದ ವಂದೇ ಭಾರತ್ ಇದೆ. ನಮಗೆ ನೇರ ರೈಲು ಲೈನಿನ ಮಣ್ಣು ಕೆಲಸ ನೋಡ್ತಾ ಕೂರೋ ಗತಿ. ಬಸ್ಸಲ್ಲಿ ಶಿರಾ ದಾಟೋ ಹೊತ್ತಿಗೆ ಬೆನ್ನು ಕಲ್ಲಾಗಿರುತ್ತೆ. 1997ರ ತನಕ ನಮ್ಮ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದ ಊರಿಗೆ ಎಲ್ಲಾ ಸೌಲಭ್ಯ!

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ: ಅದಕ್ಕೇ ತಾನೇ ಬೇರೆ ಜಿಲ್ಲೆ ಮಾಡಿಸಿಕೊಂಡಿದ್ದು. ಇನ್ನೂ ಹೊಟ್ಟೆ ಉರಿ ಹೋಗಿಲ್ವಾ?

ಜಗಳೂರು ಮೆಕ್ಕೆಜೋಳ: ಜಿಲ್ಲೆ ಬದಲಾಗಿ ನಮಗೇನು ಸಿಕ್ತು ಅಂತ ಅದನ್ನೂ ಹೇಳಿ ಸರ್.