ಆಂಕರ್ ಬೋಲ್ಟ್ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ: ಶೆಡ್‌ನಲ್ಲಿ ಸೈಕಲ್‌ಗೆ ಬೀಗ ಹಾಕೋದು ಹೇಗೆ?

ಎರಡುಚಕ್ರ:
ನಮಸ್ಕಾರ ಎಲ್ಲರಿಗೂ. ಮನೆ ಹಿಂದಿನ ಶೆಡ್‌ನಲ್ಲಿ ಎರಡು ಸೈಕಲ್ ಇಡುತ್ತೇನೆ. ಗೋಡೆಗೆ ಒಂದು ಕಬ್ಬಿಣದ ಕೊಂಡಿ ಕೂರಿಸಿ, ಅದರೊಳಗೆ ಚೈನ್ ತೂರಿಸಿ ಬೀಗ ಹಾಕೋಣ ಅಂತ ಯೋಚನೆ. ಕೊಂಡಿ ಜೊತೆ ಬಂದ ಆಂಕರ್ ಬೋಲ್ಟ್‌ಗೆ ತೂತು ಕೊರೆದು ಬೋಲ್ಟ್ ಹೊಡೆದಾಯ್ತು. ಈಗ ನಟ್ಟು ತಿರುಗಿಸಿದರೆ ಇಡೀ ಬೋಲ್ಟೇ ಜೊತೆಗೆ ತಿರುಗುತ್ತದೆ. ಎಳೆದರೆ ಸ್ವಲ್ಪ ಹೊರಗೂ ಬರುತ್ತದೆ. ಇನ್ನೂ ದಪ್ಪ ಬೋಲ್ಟ್ ತರಬೇಕಾ? ಚೈನ್ 10 ಮಿ.ಮೀ. ದಪ್ಪದ್ದು. ಬಾಗಿಲಿಗೆ ಚಿಲಕ, ಬೀಗ ಇದೆ.

ಗಾರೆಕೆಲಸ:
ದಪ್ಪ ಬೋಲ್ಟ್ ಆಮೇಲೆ ನೋಡೋಣ. ಕೊರೆಯುವಾಗ ಬಿಟ್ ಸ್ವಲ್ಪ ಒಳಗೆ ಹೋದ ಮೇಲೆ ದಡಕ್ಕನೆ ಮುಂದೆ ನುಗ್ಗಿತಾ?

ಎರಡುಚಕ್ರ:
ಹೌದು, ನುಗ್ಗಿತು. ಮೊದಲು ಬೂದು ಪುಡಿ ಬರುತ್ತಿತ್ತು, ಆಮೇಲೆ ಪುಡಿಯೇ ಇಲ್ಲ.

ಗಾರೆಕೆಲಸ:
ಹಾಗಾದರೆ ಅದು ಹಾಲೋ ಬ್ಲಾಕ್ ಗೋಡೆ, ಅಂದರೆ ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕಿನದು. ನಟ್ಟು ಬಿಗಿ ಮಾಡಿದಂತೆ ಬೋಲ್ಟಿನ ತುದಿಯ ದಪ್ಪ ಭಾಗ ಹಿಂದಕ್ಕೆ ಬಂದು, ಸುತ್ತಲಿನ ತಗಡಿನ ತೋಳನ್ನು ಅಗಲಿಸಬೇಕು. ಆ ತೋಳು ತೂತಿನ ಒಳಮೈಗೆ ಒತ್ತಿಕೊಂಡು ಹಿಡಿಯುತ್ತದೆ. ನಿಮ್ಮ ಗೋಡೆಯಲ್ಲಿ ಆ ಜಾಗ ಖಾಲಿ. ಹಿಡಿಯಲು ಏನೂ ಇಲ್ಲ, ಅದಕ್ಕೇ ಸುತ್ತುತ್ತಿದೆ. ದಪ್ಪ ಬೋಲ್ಟ್ ಹಾಕಿದರೂ ಇದೇ ಕಥೆ, ಜೊತೆಗೆ ಬ್ಲಾಕಿನ ಮುಖ ಒಡೆಯಬಹುದು.

ಇಂಥ ಗೋಡೆಗೆ ಜಾಲರಿ ತೋಳಿನೊಳಗೆ ಕೆಮಿಕಲ್ ಆಂಕರ್ (ಬೋಲ್ಟ್ ಹಿಡಿದು ಗಟ್ಟಿಯಾಗುವ ಅಂಟು) ತುಂಬುವ ಪದ್ಧತಿ ಇದೆ. ಶೆಲ್ಫ್ ತೂಗುಹಾಕಲು ಸಾಕು. ಹಾರೆ ಇಟ್ಟು ಮೀಟುವವನ ಮುಂದೆ ನಾನಂತೂ ಅದನ್ನು ನಂಬಲ್ಲ. ಬ್ಲಾಕ್ ಪುಡಿಯಾಗಿ ಬೋಲ್ಟ್ ಅಂಟಿನ ಸಮೇತ ಈಚೆ ಬರುತ್ತದೆ.

ಗೋಡೆ ಬಿಡಿ, ನೆಲ ನೋಡಿ. ಕಾಂಕ್ರೀಟ್ ನೆಲವಾದರೆ ಮೂಲೆಯಲ್ಲಿ ಸಣ್ಣ ಬಿಟ್ ಹಾಕಿ ಒಂದು ತೂತು ಕೊರೆದು ದಪ್ಪ ಪರೀಕ್ಷೆ ಮಾಡಿ. ಬೂದು ಪುಡಿ ಬರುವಷ್ಟೂ ಕಾಂಕ್ರೀಟ್. ಕಂದು ಅಥವಾ ಕೆಂಪು ಬಂದರೆ ಮಣ್ಣು ಮುಟ್ಟಿತು ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ ಆಳ ಅಳೆಯಿರಿ. 12 ಮಿ.ಮೀ. ಬೋಲ್ಟ್‌ಗೆ ನೆಲ 10 ಸೆಂ.ಮೀ. ಆದರೂ ಇರಬೇಕು. ಅಂಚಿನಿಂದ, ಬಿರುಕಿನಿಂದ 15 ಸೆಂ.ಮೀ. ದೂರ ಬಿಡಿ. ಕೊರೆದ ಮೇಲೆ ಪುಡಿಯನ್ನು ಬ್ರಷ್ ಹಾಕಿ, ಊದಿ ತೆಗೆಯಿರಿ. ಪುಡಿ ಉಳಿದರೆ, ಇಲ್ಲವೇ ಬಿಟ್ ಒಂದು ಸೈಜ್ ದೊಡ್ಡದಾದರೆ, ಗಟ್ಟಿ ಕಾಂಕ್ರೀಟಿನಲ್ಲೂ ಬೋಲ್ಟ್ ಹೀಗೇ ಸುತ್ತುತ್ತದೆ.

ಹಳೇಪೆಡಲ್:
ಎಲ್ಲ ಸರಿ, ಆದರೆ ಬಾಗಿಲಿನ ಬಗ್ಗೆ ಯಾರೂ ಕೇಳಲೇ ಇಲ್ಲ ಅಲ್ವಾ? ಶೆಡ್ ಒಡೆಯುವವರು ಬೀಗ ಮುಟ್ಟುವುದೇ ಕಡಿಮೆ. ಚಿಲಕದ ಸ್ಕ್ರೂ ತಲೆ ಹೊರಗೆ ಕಾಣುತ್ತಿದ್ದರೆ ಸ್ಕ್ರೂಡ್ರೈವರ್ ಸಾಕು, ಬೀಗ ಹಾಕಿದ್ದು ಹಾಕಿದಂತೇ ಚಿಲಕದ ಸಮೇತ ಬಿಚ್ಚಿ ಬರುತ್ತದೆ. ಸ್ಕ್ರೂ ತೆಗೆದು, ಹೊರಗೆ ಗುಂಡು ತಲೆ ಇರುವ ಬೋಲ್ಟ್ ಬಾಗಿಲಿನ ಆಚೆ ಈಚೆ ಪೂರ್ತಿ ಹಾಯಿಸಿ. ಒಳಗೆ ಒಂದು ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬಿಗಿ ಮಾಡಿ. ಹೊರಗಿನಿಂದ ಪಾನಾಗೂ ಹಿಡಿತ ಸಿಗಲ್ಲ, ಸ್ಕ್ರೂಡ್ರೈವರ್‌ಗೂ ಸಿಗಲ್ಲ. ಬಾಗಿಲು ಹೊರಕ್ಕೆ ತೆರೆಯುತ್ತಿದ್ದರೆ ಹಿಂಜಿನ ಪಿನ್ನು ನೋಡಿ. ಅದು ಹೊರಬದಿಯಲ್ಲಿದ್ದು ತಟ್ಟಿದರೆ ಮೇಲೆ ಬರುವಂತಿದ್ದರೆ ಬೀಗ ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು, ಶೆಡ್ ಒಳಗೆ ಗ್ರೈಂಡರ್ (ಕಬ್ಬಿಣ ಕೊಯ್ಯುವ ಮೆಷಿನ್), ಹಾರೆ, ಬೋಲ್ಟ್ ಕಟರ್ ಇಟ್ಟಿದ್ದೀರಾ? ಅದನ್ನೂ ಬೀಗದೊಳಗೆ ಇಡಿ. ಕಳ್ಳನಿಗೆ ಆಯುಧ ನಾವೇ ಕೊಡೋದು ಬೇಡ.

ಎರಡುಚಕ್ರ:
ಗ್ರೈಂಡರ್ ಅಲ್ಲೇ ಇತ್ತು, ಒಳಗೆ ತಂದೆ. ನೆಲ ಕೊರೆದು ನೋಡಿದೆ, 5 ಸೆಂ.ಮೀ.ಗೇ ಕೆಂಪು ಪುಡಿ. ಈಗೇನು ಮಾಡೋದು?

ಗಾರೆಕೆಲಸ:
ಅಷ್ಟು ತೆಳು ನೆಲದಲ್ಲಿ ಬೋಲ್ಟ್ ಬೇಡ. ಕೊಂಡಿಗೇ ಬೇರೆ ಕಾಂಕ್ರೀಟ್ ಗುಂಡಿ ಹಾಕಿ. ಖರ್ಚು ಕಡಿಮೆ, ಮೈಮುರಿಯುವ ಕೆಲಸ ಜಾಸ್ತಿ. ನೆಲದಲ್ಲಿ 30 ಸೆಂ.ಮೀ. ಚೌಕ ಕತ್ತರಿಸಿ ತೆಗೆದು, 40 ಸೆಂ.ಮೀ. ಆಳ ಅಗೆಯಿರಿ. ಬಾಯಿಗಿಂತ ತಳ ಅಗಲವಾಗಿರಲಿ. ಆಗ ಅದನ್ನು ಮೇಲಕ್ಕೆ ಕೀಳುವವನು ನೆಲವನ್ನೂ ಎತ್ತಬೇಕಾಗುತ್ತದೆ. 16 ಮಿ.ಮೀ. ಕಬ್ಬಿಣದ ಸಲಾಕೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಎರಡೂ ತುದಿಯನ್ನು ಹೊರಕ್ಕೆ ಮಡಿಸಿ ಕಾಂಕ್ರೀಟಿನಲ್ಲಿ ಹೂತುಬಿಡಿ. ಮೇಲೆ ಚೈನ್ ತೂರುವಷ್ಟು ಮಾತ್ರ ಕಾಣಲಿ. ಜಾಸ್ತಿ ಎತ್ತರ ಬಿಟ್ಟರೆ ಮೀಟಲು ಅನುಕೂಲ, ಕತ್ತಲಲ್ಲಿ ನೀವೇ ಎಡವುತ್ತೀರಿ. ಒಂದು ವಾರ ನೀರು ಹಾಕಿ ಒದ್ದೆಯಾಗಿಡಿ. ಅಗೆಯುವ ಮೊದಲು ಕೆಳಗೆ ಪೈಪು, ಕರೆಂಟ್ ವೈರ್ ಹೋಗಿದೆಯಾ ನೋಡಿಕೊಳ್ಳಿ.

ಹಳೇಪೆಡಲ್:
ಮೆದು ಸಲಾಕೆ ಗರಗಸಕ್ಕೆ ಸಿಗುತ್ತೆ ಗುರುವೇ. ಹಳೇ ಗಟ್ಟಿ ಉಕ್ಕಿನ ಚೈನ್ ತುಂಡಿದ್ದರೆ ಅದನ್ನೇ ಹೂಳಲಿ.

ಗಾರೆಕೆಲಸ:
ಒಪ್ಪಿದೆ, ಸಿಕ್ಕರೆ ಅದೇ ಒಳ್ಳೆಯದು. ಆದರೆ ಚೈನಿನ ತುದಿಗೆ ಒಳಗಡೆ ಒಂದು ಅಡ್ಡ ಸಲಾಕೆ ತೂರಿಸಿ ಹೂಳಬೇಕು. ಸುಮ್ನೆ ತುದಿ ಇಳಿಬಿಟ್ಟರೆ ಜಾರಿ ಬಂದೀತು.

ಎರಡುಚಕ್ರ:
ಸರಿ, ಅದನ್ನೇ ಮಾಡುತ್ತೇನೆ. 10 ಮಿ.ಮೀ. ಚೈನ್ ಸಾಕಾ? ಒಂದೇ ಚೈನ್‌ನಲ್ಲಿ ಎರಡೂ ಸೈಕಲ್ ಕಟ್ಟಬಹುದಾ?

ಹಳೇಪೆಡಲ್:
ಕಟ್ಟಬಹುದು. ದಪ್ಪದ ವಿಷಯಕ್ಕೆ ಬಂದರೆ, 10 ಮಿ.ಮೀ. ಚೈನ್ ಉದ್ದ ಹಿಡಿಯ ಬೋಲ್ಟ್ ಕಟರ್‌ಗೆ ಸೋಲಬಹುದು. ಶೆಡ್‌ನಲ್ಲಿ ಚೈನ್ ಹೊತ್ತು ತಿರುಗುವ ಕಷ್ಟ ಇಲ್ಲ, ಹಾಗಾಗಿ 16 ಮಿ.ಮೀ. ಗಟ್ಟಿ ಉಕ್ಕಿನದು ತಗೊಳ್ಳಿ. ಕೈ ಕಟರ್‌ಗೆ ಅದು ಬಗ್ಗಲ್ಲ. ಗ್ರೈಂಡರ್‌ಗೆ ಎಂಥ ಚೈನೂ ಕೊನೆಗೆ ಸೋಲುತ್ತದೆ, ಆದರೆ ಅದರ ಸದ್ದು, ಕಿಡಿ ಮುಚ್ಚಿಡೋಕಾಗಲ್ಲ. ಬೀಗವೂ ಚೈನಿನಷ್ಟೇ ಗಟ್ಟಿ ಇರಬೇಕು. ಬಳೆ (ಬೀಗದ ಮೇಲಿನ ಬಾಗಿದ ಸರಳು) ಜಾಸ್ತಿ ಹೊರಗೆ ಕಾಣದ ಬೀಗ ನೋಡಿ.

ಚೈನನ್ನು ಎರಡೂ ಸೈಕಲ್‌ನ ಫ್ರೇಮಿನೊಳಗಿಂದ ಹಾಯಿಸಿ. ಬರೀ ಚಕ್ರಕ್ಕೆ ಹಾಕಿದರೆ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಕಟ್ಟಿದ ಮೇಲೆ ಚೈನ್ ನೆಲಕ್ಕೆ ಬಿದ್ದಿರಬಾರದು. ನೆಲದ ಮೇಲಿದ್ದರೆ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕುತ್ತಾರೆ. ಉಳಿದ ಉದ್ದವನ್ನು ಫ್ರೇಮಿಗೆ ಇನ್ನೊಂದು ಸುತ್ತು ಸುತ್ತಿ.

ಎರಡುಚಕ್ರ:
ನಾಳೆಯೇ ಅಗೆಯುತ್ತೇನೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ?

ಗಾರೆಕೆಲಸ:
ಸೈಕಲ್ ಮನೆಯೊಳಗೆ. ಮನೆಯವರು ಬೈದರೆ ಒಂದು ವಾರ ಅಂತ ಹೇಳಿ. ಒಳಗೆ ತಂದಾಗ ತಲೆಕೆಳಗು ಮಾಡಿ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಗಿರುವ ಫ್ರೇಮ್ ನಂಬರಿನ ಫೋಟೋ ತೆಗೆದುಕೊಳ್ಳಿ. ಕೊಳೆ ಕಟ್ಟಿ ಕಾಣದಿದ್ದರೆ ಸ್ವಲ್ಪ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ.