ಜೀಮೇಲ್ ಫಿಲ್ಟರ್: ಬುಕಿಂಗ್ ಮೇಲ್‌ಗೆ ಲೇಬಲ್ ಬೀಳ್ತಿದೆ, ಇನ್‌ಬಾಕ್ಸ್‌ಗೆ ಮಾತ್ರ ಬರ್ತಿಲ್ಲ

ಮೂಡಿಗೆರೆ ಹೋಮ್‌ಸ್ಟೇ:
ನಮಸ್ಕಾರ ಎಲ್ರಿಗೂ. ಮೂಡಿಗೆರೆ ಹತ್ರ ನಮ್ದು ಸಣ್ಣ ಹೋಮ್‌ಸ್ಟೇ, ಜೊತೆಗೆ ಕಾಫಿ ತೋಟ. ಎಲ್ಲಾ ಒಂದೇ ಜೀಮೇಲ್‌ಗೆ ಬರುತ್ತೆ, ರೂಮ್ ಬುಕಿಂಗು, ಕಾಫಿ ವ್ಯಾಪಾರಿಗಳ ರೇಟು, ಬ್ಯಾಂಕು, ಗೊಬ್ಬರದವ್ರ ಆಫರ್ರು. ಬುಕಿಂಗ್ ಮೊದ್ಲು ಕಣ್ಣಿಗೆ ಬೀಳ್ಲಿ ಅಂತ ಫಿಲ್ಟರ್ ಹಾಕಿದೀನಿ: ಸಬ್ಜೆಕ್ಟ್‌ನಲ್ಲಿ ಬುಕಿಂಗ್ ಅಂತಿದ್ರೆ ಸ್ಟಾರ್, 'ಅರ್ಜೆಂಟ್' ಲೇಬಲ್, ಇಂಪಾರ್ಟೆಂಟ್ ಮಾರ್ಕು. ಲೇಬಲ್ ಒಳಗೆ ಹೋಗಿ ನೋಡಿದ್ರೆ ಮೇಲ್ ಇದೆ, ಸ್ಟಾರೂ ಇದೆ, ಆದ್ರೆ ಇನ್‌ಬಾಕ್ಸ್‌ನಲ್ಲಿಲ್ಲ, ಫೋನೂ ಟಿಂಗ್ ಅನ್ನಲ್ಲ. ಗೆಸ್ಟು ನೇರವಾಗಿ ಬರೆದಿದ್ದು ಸರಿಯಾಗಿ ಬರುತ್ತೆ, ಬುಕಿಂಗ್ ಸೈಟ್ ಮೂಲಕ ಬಂದಿದ್ದು ಮಾತ್ರ ಹಿಂಗೆ. ಬೆಂಗಳೂರಿನ ಒಂದು ಫ್ಯಾಮಿಲಿ ಶನಿವಾರಕ್ಕೆ ರೂಮ್ ಕೇಳಿದ್ದು ನನಗೆ ಕಂಡಿದ್ದು ಭಾನುವಾರ, ತುಂಬಾ ಬೇಜಾರಾಯ್ತು. ಸ್ಪ್ಯಾಮ್‌ನಲ್ಲೂ ನೋಡ್ದೆ, ಅಲ್ಲಿಲ್ಲ. ದಯವಿಟ್ಟು ಯಾರಾದ್ರೂ ಹೇಳಿ.

ಹಾಸನದ ಹುಡ್ಗ:
ಸಾರ್, ಲೇಬಲ್ ಬಿದ್ದಿದೆ ಅಂದ್ಮೇಲೆ ಈ ಫಿಲ್ಟರ್ ಸರಿಯಾಗೇ ಇದೆ. ಇನ್ಯಾವ್ದೋ ಫಿಲ್ಟರ್ ಅದೇ ಮೇಲನ್ನ ಇನ್‌ಬಾಕ್ಸ್‌ನಿಂದ ತೆಗೀತಿರ್ಬೇಕು. ಕಂಪ್ಯೂಟರ್‌ನಲ್ಲಿ ಜೀಮೇಲ್ ತೆಗೆದು ಸೆಟ್ಟಿಂಗ್ಸ್ ಒಳಗೆ 'ಫಿಲ್ಟರ್ಸ್ ಅಂಡ್ ಬ್ಲಾಕ್ಡ್ ಅಡ್ರೆಸಸ್' ಅಂತಿದೆ, ಅಲ್ಲಿ ಏನೇನಿದೆ ಬರೀರಿ. ಫೋನ್ ಆ್ಯಪ್‌ನಲ್ಲಿ ಹುಡುಕ್ಬೇಡಿ, ಸಿಗಲ್ಲ.

ಮೂಡಿಗೆರೆ ಹೋಮ್‌ಸ್ಟೇ:
3 ಇದೆ. ಬುಕಿಂಗ್‌ದು, ಬ್ಯಾಂಕ್‌ದು, ಆಮೇಲೆ ಒಂದು ಹಳೇದು: ಆ ಬುಕಿಂಗ್ ಸೈಟಿನ ಡೊಮೈನ್‌ನಿಂದ (ಅಡ್ರೆಸ್‌ನಲ್ಲಿ 'ಅಟ್' ಚಿಹ್ನೆ ಆದ್ಮೇಲಿನ ಭಾಗ) ಬಂದಿದ್ದೆಲ್ಲ 'ಸ್ಕಿಪ್ ದಿ ಇನ್‌ಬಾಕ್ಸ್', ಅಂದ್ರೆ ಇನ್‌ಬಾಕ್ಸ್‌ಗೆ ಬರ್ದಂಗೆ, 'ಜಾಹೀರಾತು' ಲೇಬಲ್. ಅವ್ರು ದಿನಾ ಆಫರ್ ಕಳಿಸ್ತಾರೆ, ಅದಕ್ಕೆ. ಆದ್ರೆ ಲಿಸ್ಟ್‌ನಲ್ಲಿ ಬುಕಿಂಗ್‌ದೇ ಮೇಲಿದೆ, ಅದೇ ಮೊದ್ಲು ನಡೀಬೇಕಲ್ವಾ?

ಹಾಸನದ ಹುಡ್ಗ:
ಅಲ್ಲೇ ಇರೋದು ಸಾರ್ ವಿಷ್ಯ. ಜೀಮೇಲ್ ಫಿಲ್ಟರ್‌ನಲ್ಲಿ ಮೇಲೆ-ಕೆಳಗೆ ಅನ್ನೋ ಲೆಕ್ಕಾನೇ ಇಲ್ಲ, ಒಂದು ಮೇಲ್‌ಗೆ ಎಷ್ಟು ಫಿಲ್ಟರ್ ಹೊಂದುತ್ತೋ ಅಷ್ಟೂ ತಮ್ ತಮ್ ಕೆಲ್ಸ ಮಾಡ್ತಾವೆ. ಒಂದು ಸ್ಟಾರ್ ಹಾಕ್ತು, ಇನ್ನೊಂದು ಇನ್‌ಬಾಕ್ಸ್‌ನಿಂದ ಎತ್ತಾಕ್ತು. ಇನ್‌ಬಾಕ್ಸ್‌ನಲ್ಲೇ ಇಡು ಅನ್ನೋ ಆಕ್ಷನ್ ಅಲ್ಲಿಲ್ಲ, ಹಂಗಾಗಿ ಅರ್ಜೆಂಟ್ ಫಿಲ್ಟರ್‌ನ ಎಷ್ಟು ತಿದ್ದಿದ್ರೂ ಉಪಯೋಗ ಇಲ್ಲ, ಜಾಹೀರಾತಿಂದನ್ನೇ ಬಿಗಿ ಮಾಡ್ಬೇಕು. ಔಟ್‌ಲುಕ್ ಅನ್ನೋ ಮೇಲ್ ಪ್ರೋಗ್ರಾಮ್ ಆಗಿದ್ರೆ ರೂಲ್ಸ್ (ಅಲ್ಲಿ ಫಿಲ್ಟರ್‌ಗೆ ಹಂಗಂತಾರೆ) ಮೇಲಿಂದ ಕೆಳಗೆ ಓಡುತ್ತೆ, 'ಸ್ಟಾಪ್ ಪ್ರೊಸೆಸಿಂಗ್ ಮೋರ್ ರೂಲ್ಸ್' ಟಿಕ್ ಮಾಡಿದ್ರೆ ಅಲ್ಲಿಗೇ ನಿಲ್ಲುತ್ತೆ. ಥಂಡರ್‌ಬರ್ಡ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಮ್‌ನಲ್ಲೂ ಅಂಥದ್ದೇ ಇದೆ.

ಬೇಲೂರು ಪಿಸಿ ಸರ್ವಿಸ್:
ಜಾಹೀರಾತು ಫಿಲ್ಟರ್ ಎಡಿಟ್ ಮಾಡಿ, 'ಡಸಂಟ್ ಹ್ಯಾವ್' (ಈ ಪದ ಇದ್ರೆ ಫಿಲ್ಟರ್ ಹೊಂದಲ್ಲ ಅಂತ) ಅನ್ನೋ ಜಾಗದಲ್ಲಿ ಬುಕಿಂಗ್ ಅಂತ ಇಂಗ್ಲಿಷ್‌ನಲ್ಲಿ ಹಾಕಿ. ಮುಗೀತು.

ಮೂಡಿಗೆರೆ ಹೋಮ್‌ಸ್ಟೇ:
ಹಾಕ್ದೆ ಸಾರ್, ಬುಕಿಂಗ್ ಈಗ ಇನ್‌ಬಾಕ್ಸ್‌ಗೆ ಬರ್ತಿದೆ, ಥ್ಯಾಂಕ್ಸ್. ಆದ್ರೆ ಆಫರ್ ಮೇಲ್ ಕೂಡ ಜೊತೆಗೇ ಬರೋಕೆ ಶುರುವಾಗಿದೆ.

ಹಾಸನದ ಹುಡ್ಗ:
ಆ ಜಾಗ ಮೇಲ್ ಒಳಗಿನ ಪದಗಳನ್ನೂ ನೋಡುತ್ತೆ ಸಾರ್. ಆಫರ್ ಮೇಲ್‌ನ ಕೊನೇಲಿ ಸಣ್ಣಕ್ಷರದಲ್ಲಿ ಬುಕಿಂಗ್ ಅಂತ ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ. ಪದ ನಂಬೋದಕ್ಕಿಂತ ಕಳಿಸಿದವ್ರ ಅಡ್ರೆಸ್ ನಂಬಿ. ಒಂದು ಆಫರ್ ಮೇಲ್, ಒಂದು ನಿಜವಾದ ಬುಕಿಂಗ್ ಮೇಲ್ ತೆಗೀರಿ, ಹೆಸ್ರಿನ ಕೆಳಗೆ 'ಟು ಮೀ' ಪಕ್ಕ ಪುಟ್ಟ ಬಾಣ ಇದೆ ನೋಡಿ, ಅದನ್ನ ಒತ್ತಿದ್ರೆ ಪೂರ್ತಿ ಫ್ರಮ್ ಅಡ್ರೆಸ್ ಬರುತ್ತೆ. ಡೊಮೈನ್ ಒಂದೇ ಆದ್ರೂ 'ಅಟ್' ಚಿಹ್ನೆಗೆ ಮುಂಚಿನ ಭಾಗ ಬೇರೆ ಇದ್ರೆ ಕೆಲ್ಸ ಸಲೀಸು: ಜಾಹೀರಾತು ಫಿಲ್ಟರ್‌ನ ಫ್ರಮ್‌ನಲ್ಲಿ ಡೊಮೈನ್ ತೆಗೆದು ಆಫರ್ ಕಳಿಸೋ ಅಡ್ರೆಸ್ ಮಾತ್ರ ಪೂರ್ತಿಯಾಗಿ ಹಾಕಿ, ಡಸಂಟ್ ಹ್ಯಾವ್ ಖಾಲಿ ಬಿಡಿ. ಸೇವ್ ಮಾಡೋಕೆ ಮುಂಚೆ ಅಲ್ಲೇ ಸರ್ಚ್ ಒತ್ತಿ, ಯಾಕಂದ್ರೆ ಫಿಲ್ಟರ್ ಅನ್ನೋದು ಸರ್ಚೇ, ಹಳೇ ಮೇಲ್‌ಗಳಲ್ಲಿ ಯಾವ್ಯಾವ್ದು ಸಿಕ್ಕಿಬೀಳುತ್ತೆ ಅಂತ ಕಣ್ಣಾರೆ ಕಾಣುತ್ತೆ. ಅದ್ರಲ್ಲಿ ಒಂದೇ ಒಂದು ಬುಕಿಂಗ್ ಕಂಡ್ರೂ ಸೇವ್ ಮಾಡ್ಬೇಡಿ.

ಮೂಡಿಗೆರೆ ಹೋಮ್‌ಸ್ಟೇ:
ಅಡ್ರೆಸ್ ಬೇರೆ ಬೇರೇನೇ ಇದೆ! ಬದಲಾಯಿಸ್ದೆ, ಸರ್ಚ್‌ನಲ್ಲಿ ಬರೀ ಆಫರ್ ಬಂತು, ಸೇವ್ ಮಾಡ್ದೆ. ಇನ್ನೊಂದು ಕೇಳ್ಲಾ? ಕುಯ್ಲು ಟೈಮಲ್ಲಿ ದಿನಪೂರ್ತಿ ಕಣದಲ್ಲೇ ಇರ್ತೀನಿ, ಫೋನ್ ಜೇಬಲ್ಲಿರುತ್ತೆ. ಬುಕಿಂಗ್‌ಗೆ ಮಾತ್ರ ಸೌಂಡ್ ಬರಂಗೆ ಮಾಡೋಕಾಗುತ್ತಾ? ಮತ್ತೆ ಹಳೇ ಮೇಲ್‌ಗಳನ್ನ ಇನ್‌ಬಾಕ್ಸ್‌ಗೆ ತರೋದು ಹೆಂಗೆ?

ಹಾಸನದ ಹುಡ್ಗ:
ಆಗುತ್ತೆ. ಆಂಡ್ರಾಯ್ಡ್ ಜೀಮೇಲ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ನಿಮ್ಮ ಅಕೌಂಟು, 'ಮ್ಯಾನೇಜ್ ಲೇಬಲ್ಸ್', ಅರ್ಜೆಂಟ್. ಮೊದ್ಲು ಅಲ್ಲಿ ಸಿಂಕ್ (ಆ ಲೇಬಲ್‌ನ ಮೇಲ್ ಫೋನ್‌ಗೆ ಇಳಿಸೋದು) ಆನ್ ಮಾಡಿ, ಅದಿಲ್ದೆ ನೋಟಿಫಿಕೇಶನ್ ಆಯ್ಕೆ ಕೈಗೆ ಸಿಗಲ್ಲ. ಆಮೇಲೆ ಲೇಬಲ್ ನೋಟಿಫಿಕೇಶನ್ ಆನ್ ಮಾಡಿ, 'ಪ್ರತಿ ಮೆಸೇಜ್‌ಗೂ' ಅನ್ನೋದನ್ನೂ ಟಿಕ್ ಮಾಡಿ, ಇನ್‌ಬಾಕ್ಸ್‌ದು ಆಫ್ ಮಾಡಿ. ಡೇಟಾ ಸಿಗ್ನಲ್ ಇಲ್ದಿರೋ ಕಡೆ ಏನ್ ಮಾಡಿದ್ರೂ ಬರಲ್ಲ, ಕಣದಲ್ಲಿ ನಿಂತು ಬೇರೆ ಫೋನಿಂದ ಸಬ್ಜೆಕ್ಟ್‌ನಲ್ಲಿ ಬುಕಿಂಗ್ ಅಂತ ಹಾಕಿ ಒಂದು ಮೇಲ್ ಕಳಿಸಿ ನೋಡಿ.

ಹಳೇ ಮೇಲ್‌ಗಳು ಫಿಲ್ಟರ್ ತಿದ್ದಿದ್ರಿಂದ ತಾವಾಗೇ ವಾಪಸ್ ಬರಲ್ಲ. ಕಂಪ್ಯೂಟರ್‌ನಲ್ಲಿ ಅರ್ಜೆಂಟ್ ಲೇಬಲ್ ತೆಗೆದು, ಇನ್ನೂ ಉತ್ತರ ಕೊಡ್ಬೇಕಾದ ಬುಕಿಂಗ್‌ಗಳನ್ನ ಟಿಕ್ ಮಾಡಿ 'ಮೂವ್ ಟು ಇನ್‌ಬಾಕ್ಸ್' ಕೊಡಿ.