ಪೊಲೀಸ್ ಸುಧಾರಣೆಗೆ ಶಾಸಕರ ಹತ್ರ ಹೋದವರು ಅನುಭವ ಹೇಳಿ

ಜಯನಗರವಾಸಿ: ನಮ್ಮ ಬಡಾವಣೆಯವರು ಸೇರಿ ಶಾಸಕರಿಗೆ ಮನವಿ ಕೊಡೋಣ ಅಂತಿದ್ದೀವಿ. ಪೊಲೀಸರ ಮೇಲಿನ ದೂರು ವಿಚಾರಿಸೋ ಪೊಲೀಸ್ ದೂರು ಪ್ರಾಧಿಕಾರಕ್ಕೆ, ಇಲಾಖೆಯಿಂದ ನಿಯೋಜನೆ ಮೇಲೆ ಬಂದವರಲ್ಲದ ಸ್ವಂತ ತನಿಖಾ ಸಿಬ್ಬಂದಿ ಬೇಕು, ಠಾಣೆಯ ಸಿಸಿಟಿವಿ ದೃಶ್ಯ ದೂರುದಾರರಿಗೆ ಸಿಗಬೇಕು. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆಯಾದ್ರೂ ಬರಲಿ ಅಂತ. ಹೆಂಗೆ ಮಾಡಿದ್ರಿ?

ಬಸವನಗುಡಿ ರಿಟೈರ್ಡ್: ನಾನು ಶಾಸಕರಿಂದ ಪ್ರಶ್ನೆ ಕೇಳಿಸಿದ್ದೀನಿ. ಕ್ಷೇತ್ರದ ಕಚೇರಿಗೆ ಹೋದ್ರೆ ಪಿಎ ಟಪಾಲಿಗೆ ಹಾಕಿ ಸೀಲು ಹೊಡೀತಾರೆ, ಅಲ್ಲಿಗೆ ಮುಗೀತು. ಬೆಳಗ್ಗೆ ಶಾಸಕರ ಭವನದಲ್ಲೇ ಹಿಡೀಬೇಕು. ಮನವಿ ಅಲ್ರೀ, ಅ, ಆ, ಇ ಅಂತ ಪ್ರಶ್ನೆಯನ್ನೇ ಬರ್ಕೊಂಡು ಹೋಗಿ, ಅವರ ಕೆಲಸ ಸಹಿ ಮಾತ್ರ ಆಗ್ಬೇಕು. ನಮ್ಮದಕ್ಕೆ ಬಂದ ಉತ್ತರ 'ಪರಿಶೀಲನೆಯಲ್ಲಿದೆ'. ಆದ್ರೂ ಅಚ್ಚಾಗಿ ಬಂತಲ್ಲ, ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೀನಿ.

ಪೀಣ್ಯ ಮಂಜು: ಲ್ಯಾಮಿನೇಟ್ ಇಟ್ಕೊಂಡು ಏನ್ ಮಾಡೋದು ಸ್ವಾಮಿ? ಬೈಕ್ ತಾಗಿದ ಜಗಳಕ್ಕೆ ಠಾಣೇಲಿ ನನ್ನ ತಮ್ಮನ ಕಪಾಳಕ್ಕೆ ಬಿಗಿದ್ರು. ದೃಶ್ಯ ಕೊಡಿ ಅಂದ್ರೆ, ಡಿಸ್ಕ್ ತುಂಬಿ ಅಳಿಸಿಹೋಗಿದೆ ಅಂತ ಹಿಂಬರಹ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 18 ತಿಂಗಳು ಇಡಿ, ಕನಿಷ್ಠ ಒಂದು ವರ್ಷ ಅಂತ, ಅದೂ ಧ್ವನಿ ಸಮೇತ. ನಾವು ತಿಂಗಳೊಳಗೇ ಕೇಳಿದ್ವಿ! ಆರ್‌ಟಿಐ ಹಾಕಿದೆ, 10 ರೂಪಾಯಿ ಪೋಸ್ಟಲ್ ಆರ್ಡರ್. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅಂತ ವಾಪಸ್. ಕ್ಯಾಮೆರಾ ಬೇರೆ ವಿಷಯವಂತೆ, ಡಿಸ್ಕ್ ಬೇರೆಯಂತೆ. ನೋಟರಿ 200, ಜೆರಾಕ್ಸ್ 85, ವಕೀಲರ ನೋಟಿಸ್ 3,000, ಮೇಲೆ ಫ್ಯಾಕ್ಟರೀಲಿ ಕಟ್ಟಾದ ಸಂಬಳ.

ಪಿಸಿ ಮಗ: ಬೈರಿ, ಎಲ್ಲದಕ್ಕೂ ಪೊಲೀಸರನ್ನೇ ಬೈರಿ. ನಮ್ಮಪ್ಪ ಕಾನ್‌ಸ್ಟೆಬಲ್. ಒಂದು ಹಬ್ಬಕ್ಕೂ ಮನೇಲಿ ಊಟ ಮಾಡಿದ್ದು ನೋಡಿಲ್ಲ. ಪೊಲೀಸರ ಸಂಬಳದ ಬಗ್ಗೆ 2016ರಲ್ಲಿ ಔರಾದ್ಕರ್ ಸಮಿತಿ ವರದಿ ಕೊಡ್ತಲ್ಲ, ಅದನ್ನ ಜಾರಿ ಮಾಡಿ ಅಂತ ಯಾವ ಬಡಾವಣೆಯವರು ಶಾಸಕರ ಹತ್ರ ಹೋದ್ರಿ?

ಪೀಣ್ಯ ಮಂಜು: ಸಂಬಳ ಕಮ್ಮಿ ಅಂತ ನನ್ನ ತಮ್ಮನಿಗೆ ಹೊಡೀಬೋದಾ ಗುರು?

ಪಿಸಿ ಮಗ: ನಾನು ಹಂಗಂದ್ನಾ? ಓದೋಕ್ ಬರಲ್ವಾ?

ವಕೀಲೆ, ವಿಜಯನಗರ: ಪ್ರಾಧಿಕಾರದ ಶಿಫಾರಸು ಪಾಲಿಸಲೇಬೇಕು ಅಂತ ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಲ್ಲೇ ಇದೆ. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಪ್ರಾಧಿಕಾರ ಕರ್ನಾಟಕ ಪೊಲೀಸ್ ಕಾಯ್ದೆಯೊಳಗೂ ಬಂತು. ಇರೋ ಕಾನೂನು ಜಾರಿಗೆ ರಿಟ್ ಹಾಕೋದು ಬಿಟ್ಟು ಶಾಸಕರ ಬಾಗಿಲು ಕಾಯೋದು ದಂಡ. ನಾನಂತೂ ಕಕ್ಷಿದಾರರಿಗೆ ನೇರ ಹೈಕೋರ್ಟೇ ಹೇಳೋದು.

ಬಸವನಗುಡಿ ರಿಟೈರ್ಡ್: ಮೇಡಂ, ತನಿಖೆಗೆ ಹುದ್ದೆ ಬೇಕು, ಹುದ್ದೆಗೆ ದುಡ್ಡು ಬೇಕು. ಬಜೆಟ್ ಪಾಸ್ ಮಾಡೋದು ಸದನ, ನ್ಯಾಯಾಧೀಶರಲ್ಲ. ನಿಮ್ಮ ರಿಟ್ ಫೀಸಲ್ಲಿ ಇಡೀ ಬಡಾವಣೆ ಬೆಳಗಾವಿ ಅಧಿವೇಶನಕ್ಕೇ ಹೋಗಿ ಬರಬೋದು.

ವಕೀಲೆ, ವಿಜಯನಗರ: ನನ್ನ ಫೀಸು ನಿಮಗೆ ಯಾರ್ರೀ ಹೇಳಿದ್ದು?

ಜಯನಗರವಾಸಿ: ಶಾಸಕರ ಭವನದ ಒಳಗೆ ಬಿಡೋಕೆ ಪಾಸ್ ಬೇಕಾ ಸರ್?

ಕೆಂಗೇರಿ ಆಟೋ: ನೋಟರಿಗೆ 200 ಯಾರು ತಗೊಂಡಿದ್ದು ಮಂಜು? ನಮ್ಮ ಕಡೆ 100.